ಶ್ರಾವಕರ ನಾಮಕರಣ ಸಂಪ್ರದಾಯವೂ ಕಡೂರು ಸೀಮೆಯ ಶಾಸನಗಳೂ

ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದಲ್ಲಿ ಆಬಾಲವೃದ್ಧರ ಮನಸ್ಸನ್ನು ಅತ್ಯಧಿಕವಾಗಿ ಸೆಳೆಯುವುದು ಜನ್ಮಕಲ್ಯಾಣ. ಸೌಧರ್ಮೇಂದ್ರನು ಜಿನಬಾಲಕನನ್ನು ಐರಾವತದ ಮೇಲೆ ಮೇರುಪರ್ವತಕ್ಕೆ ಕರೆದೊಯ್ದು, ಕ್ಷೀರಸಮುದ್ರದ ಜಲದಿಂದ ಅಭಿಷೇಕಗೈದು, ಹೆಸರಿಟ್ಟು, ಪುನಃ ತಾಯಿಯ ಮಡಿಲಿಗೆ ಒಪ್ಪಿಸುವ ಆ ಪ್ರಸಂಗವನ್ನು ಕಂಡು ಕಣ್ಣು ತೇವವಾಗದ ಶ್ರಾವಕಿಯರು ವಿರಳ. ತೊಟ್ಟಿಲನ್ನು ತೂಗಲು ಅಂದು ಹೆಂಗಸರು ಸಾಲುಗಟ್ಟಿ ನಿಲ್ಲುತ್ತಾರೆ. ಭಗವಾನ್ ಮಹಾವೀರ ಸ್ವಾಮಿಗೆ ಇಂದ್ರನು ಇಟ್ಟ ಹೆಸರುಗಳು ವೀರ, ವರ್ಧಮಾನ ಎಂಬವು. ಆ ಬಾಲಕನನ್ನು ಕಂಡ ಮಾತ್ರಕ್ಕೆ ತಮ್ಮ ತತ್ತ್ವಸಂಶಯ ನಿವಾರಣೆಯಾಗಲು ಚಾರಣ ಮುನಿಗಳಾದ ಸಂಜಯ-ವಿಜಯರು ಆತನನ್ನು ಸನ್ಮತಿಯೆಂದು ಕರೆದರು. ಸರ್ಪರೂಪದಿಂದ ಬಂದು ಹೆದರಿಸಲು ನೋಡಿ ಸೋತ ಸಂಗಮದೇವನಿಂದ ಮಹಾವೀರನೆಂಬ ಹೆಸರು ಬಂದಿತು. ಒಂದೊಂದು ಹೆಸರಿಗೂ ಒಂದೊಂದು ಕಾರಣವುಂಟು.

ಇಂದು ನಮ್ಮ ಸಮಾಜದಲ್ಲಿ ಮಗು ಹುಟ್ಟಿದೊಡನೆ ಮನೆಮಂದಿಯೆಲ್ಲ ಹುಡುಕುವುದು ಯಾರೂ ಇಡದ ಹೆಸರನ್ನು. ಎರಡಕ್ಷರವಿರಬೇಕು, ಕೇಳಲು ಹೊಸತಾಗಿರಬೇಕು. ಅರ್ಥವೇನೆಂದು ಅಜ್ಜ ಕೇಳಿದರೆ ಉತ್ತರ ಸಿಗುವುದಿಲ್ಲ. ಪದ್ಮಯ್ಯ, ಬೊಮ್ಮಣ್ಣ, ಧರಣೇಂದ್ರಯ್ಯ ಎಂಬ ಹೆಸರುಗಳು ಹಳೆಯ ಖಾತೆಪುಸ್ತಕಗಳಲ್ಲಿ ಮಾತ್ರ ಉಳಿಯುವ ಲಕ್ಷಣ ತೋರುತ್ತಿದೆ. ಅಪೂರ್ವವಾದ ಹೆಸರನ್ನು ಬಯಸುವುದು ತಪ್ಪೆಂದು ಹೇಳಲಾಗದು. ಅದನ್ನು ಎಲ್ಲಿ ಹುಡುಕಬೇಕೆಂಬುದೇ ವಿಚಾರಾರ್ಹವಾದ ಸಂಗತಿ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಗುರುಗಳೆಂದು ಪ್ರಸಿದ್ಧರಾದ ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಆದಿಪುರಾಣದಲ್ಲಿ ಗರ್ಭಾನ್ವಯ ಕ್ರಿಯೆಗಳು 53 ಎಂದು ಎಣಿಸಿದ್ದಾರೆ. ಅವುಗಳಲ್ಲಿ 7ನೆಯದು ನಾಮಕರ್ಮ. ಜನನದಿಂದ 12 ದಿನಗಳು ಕಳೆದ ಮೇಲೆ ತಾಯಿತಂದೆಯರಿಗೂ ಶಿಶುವಿಗೂ ಅನುಕೂಲವಾದ ದಿನದಲ್ಲಿ ಇದನ್ನು ನೆರವೇರಿಸಬೇಕು. ಇಟ್ಟ ಹೆಸರು ಪ್ರಶಸ್ತವೂ ವಂಶವೃದ್ಧಿಕರವೂ ಆಗಿರಬೇಕು. ಆಚಾರ್ಯರು ಇನ್ನೊಂದು ಮಾರ್ಗವನ್ನೂ ಸೂಚಿಸಿದ್ದಾರೆ. ಜಿನೇಂದ್ರನ 1008 ನಾಮಗಳನ್ನು ಪತ್ರಗಳಲ್ಲಿ ಬರೆದು ಘಟದಲ್ಲಿರಿಸಿ, ಅವುಗಳಲ್ಲಿ ಕೈಗೆ ಬಂದ ಒಂದನ್ನು ಆರಿಸಿಕೊಳ್ಳುವುದು. ಇದಕ್ಕೆ ಘಟಪತ್ರವಿಧಾನವೆಂದು ಹೆಸರು. ಸ್ವಯಂಭೂ, ವೃಷಭ, ಶಂಭು, ಸ್ವಯಂಪ್ರಭ, ವಿಶ್ವಭೂ ಮುಂತಾದ ಆ ನಾಮಾವಳಿಯೂ ಅದೇ ಗ್ರಂಥದಲ್ಲಿಯೇ ಇದೆ. ಹೊಸ ಹೆಸರಿಗಾಗಿ ಊರೂರು ಅಲೆಯುವವರಿಗೆ ಒಂದು ಸಾವಿರದ ಎಂಟು ಹೆಸರುಗಳು ಸಾಲದೆ? ಹೆಸರು ಆರಿಸುವಾಗ ಮನೆಯಲ್ಲಿ ಏಳುವ ಅತ್ತೆ-ಸೊಸೆಯರ ವಾದವನ್ನೂ ಈ ವಿಧಾನವು ಸದ್ದಿಲ್ಲದೆ ಪರಿಹರಿಸುತ್ತದೆ!

ಜಿನನಾಮಗಳೆಲ್ಲ ಪುಲ್ಲಿಂಗದವು. ಹೆಣ್ಣುಮಕ್ಕಳ ವಿಷಯದಲ್ಲಿ ಕನ್ನಡ ನಾಡಿನ ಶ್ರಾವಕರು ಶಾಸನದೇವತೆಗಳತ್ತಲೂ ಧರ್ಮಾತ್ಮೆಯರಾದ ಸ್ತ್ರೀಯರತ್ತಲೂ ನೋಡಿದ್ದು ಕಾಣಬರುತ್ತದೆ. ಯಕ್ಷಿ ಎಂಬುದೇ ಕನ್ನಡದಲ್ಲಿ ಜಕ್ಕಿ. 10ನೆಯ ಶತಮಾನದ ಆದಿಭಾಗದಲ್ಲಿ ನಾಗರಖಂಡ ಎಪ್ಪತ್ತನ್ನು ಆಳಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ ಜಕ್ಕಿಯಬ್ಬೆಯ ಹೆಸರು ಹೀಗೆ ಬಂದುದು. ಹೊಂಬುಜದ ಪದ್ಮಾವತಿ, ತರೀಕೆರೆಗೆ ನೆರೆಯದಾದ ನರಸಿಂಹರಾಜಪುರದ ಸಿಂಹನಗದ್ದೆಯ ಜ್ವಾಲಾಮಾಲಿನಿ, ಇವರ ಹೆಸರುಗಳು ಇಂದಿಗೂ ಮಲೆನಾಡಿನ ಮನೆಗಳಲ್ಲಿ ಜೀವಂತವಾಗಿವೆ.

ಧರ್ಮಾತ್ಮೆಯೊಬ್ಬಳ ಹೆಸರನ್ನು ಮಗುವಿಗಿಟ್ಟ ಅತಿ ಪ್ರಸಿದ್ಧ ನಿದರ್ಶನ ಕವಿಚಕ್ರವರ್ತಿ ರನ್ನನದು. ಮುದುವೊಳಲಿನ ಬಳೆಗಾರ ಕುಲದಲ್ಲಿ, ಜಿನವಲ್ಲಭ ಹಾಗೂ ಅಬ್ಬಲಬ್ಬೆಯರ ಮಗನಾಗಿ ಹುಟ್ಟಿದ ಆತನು ವ್ಯಾಪಾರಿ ಮನೆತನದವನೆಂಬುದನ್ನು ನಮ್ಮ ವರ್ತಕ ಬಂಧುಗಳು ನೆನೆಯಬೇಕು. ವಿದ್ಯಾರ್ಥಿದೆಸೆಯಲ್ಲಿ ಆಶ್ರಯವಿತ್ತವನು ಚಾವುಂಡರಾಯ. ಮುಂದೆ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದವಳೂ, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದವಳೂ ಆಕೆಯೇ. ರನ್ನನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಬಳೆಗಾರನ ಮನೆಯಲ್ಲಿ ದಿನಕ್ಕೆ ಹತ್ತಾರು ಬಾರಿ ಮಕ್ಕಳನ್ನು ಕೂಗುವಾಗಲೆಲ್ಲ ಇಬ್ಬರು ಉಪಕಾರಿಗಳ ಸ್ಮರಣೆಯಾಗುತ್ತಿದ್ದಿತು. ಪದ್ಯದಲ್ಲಿ ಹೊಗಳುವುದು ಕವಿಗೆ ಸುಲಭ; ಹೆತ್ತ ಮಕ್ಕಳ ಹೆಸರಿನಲ್ಲಿ ಋಣವನ್ನು ಹೊತ್ತುಕೊಳ್ಳುವುದು ಅದಕ್ಕಿಂತ ಹಿರಿದಾದ ಕಾರ್ಯವೆನ್ನಬೇಕು.

ಕಡೂರು, ತರೀಕೆರೆ ಹಾಗೂ ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದ ಸೀಮೆಯೂ ಈ ವಿಷಯದಲ್ಲಿ ಬಡವಾಗಿಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಶಿವಾಲಯವು ಲೋಕವಿಖ್ಯಾತವಾದುದು. ಅಲ್ಲಿಯ ಶಾಸನಪದ್ಯಗಳನ್ನು ಬರೆದವನು ಜೈನಕವಿ ಜನ್ನ. 1209ರಲ್ಲಿ ಯಶೋಧರ ಚರಿತೆಯನ್ನೂ 1230ರಲ್ಲಿ ಅನಂತನಾಥ ಪುರಾಣವನ್ನೂ ರಚಿಸಿದ ಮಹನೀಯನೇ ಈತ. ಈ ಮನೆತನದ ಹೆಸರುಗಳನ್ನು ಗಮನಿಸಿರಿ. ಜನ್ನನಿಗೆ ಜನಾರ್ದನನೆಂಬ ಹೆಸರಿತ್ತು. ತಂದೆ ಸುಮನೋಬಾಣನೆಂಬ ಬಿರುದಿನ ಶಂಕರ. ಸೋದರಿಯ ಪತಿ ಸೂಕ್ತಿಸುಧಾರ್ಣವದ ಮಲ್ಲಿಕಾರ್ಜುನ. ಆಕೆಯ ಮಗ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜ. ಹೆಸರು ಮಾತ್ರ ಕೇಳಿದವರು ಇವರನ್ನು ಜೈನ ಸಾಹಿತ್ಯದ ಇತಿಹಾಸದಲ್ಲಿ ಹುಡುಕಲಾರರು. ಆದರೆ ಇದರಲ್ಲಿ ಧರ್ಮಲೋಪವೇನೂ ಇಲ್ಲ. ಭಕ್ತಾಮರ ಸ್ತೋತ್ರದಲ್ಲಿ ಮಾನತುಂಗಾಚಾರ್ಯರು ಜಿನೇಂದ್ರನನ್ನೇ ಬುದ್ಧ, ಶಂಕರ, ಪುರುಷೋತ್ತಮನೆಂದು ಸ್ತುತಿಸಿದ್ದಾರೆ. ಹೆಸರು ಯಾವ ಮತದ್ದೆಂದು ಜಗಳವಾಡುವವರು ಅಮೃತಾಪುರಕ್ಕೆ ಹೋಗಿ ಬರುವುದು ಲೇಸು.

ಇನ್ನು ಕಡೂರಿನ ಮಾತು. ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 6ನೆಯ ಸಂಪುಟವು ಅಂದು ಕಡೂರು ಜಿಲ್ಲೆಯೆಂದೇ ಕರೆಯಲ್ಪಡುತ್ತಿದ್ದ ಈ ಪ್ರದೇಶಕ್ಕೆ ಮೀಸಲಾದುದು. ಅದರಲ್ಲಿ ಕಡೂರು ತಾಲ್ಲೂಕಿನ ಮೊದಲ ಶಾಸನವು 971ನೆಯ ಇಸವಿಯ ಒಂದು ನಿಷಿಧಿಗಲ್ಲು. ಅದು ಪಾಂಬಬ್ಬೆ ಎಂಬ ರಾಜವಂಶದ ಸ್ತ್ರೀಯ ಸ್ಮಾರಕ. ಗಂಗ ದೊರೆ ಬೂತುಗನಿಗೆ ಆಕೆ ಅಕ್ಕ. ಪಡಿಯರ ದೋರಪಯ್ಯನ ಮಡದಿ. ನಾಣಬ್ಬೆ ಕಂತಿಯರ ಶಿಷ್ಯೆ. ಕಂತಿಯೆಂದರೆ ಸಂನ್ಯಾಸಿನಿ. ಪಾಂಬಬ್ಬೆಯು ಕೇಶಲೋಚ ಮಾಡಿಕೊಂಡು 30 ವರ್ಷಗಳ ಕಾಲ ತಪವಾಚರಿಸಿ ಮುಡಿಪಿದಳೆಂದು ಕಲ್ಲು ಸಾರುತ್ತದೆ.

ಮೂವತ್ತು ವರ್ಷವೆಂದರೆ ಎಷ್ಟು ದೀರ್ಘವೆಂಬುದನ್ನು ಲೆಕ್ಕ ಹಾಕಿ ನೋಡಬೇಕು. 971ರಿಂದ ಹಿಂದಕ್ಕೆ ಎಣಿಸಿದರೆ ಆಕೆ ಸಿರಿಮುಡಿಯನ್ನು ಕಿತ್ತೊಗೆದದ್ದು 941ರ ಸುಮಾರಿಗೆ. ಆದಿಕವಿ ಪಂಪನು ಆದಿಪುರಾಣವನ್ನು ಮುಗಿಸಿದ ವರ್ಷವೂ ಅದೇ. ತಮ್ಮನಾದ ಬೂತುಗನು 949ರಲ್ಲಿ ತಕ್ಕೋಲದ ರಣರಂಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದು ಕೀರ್ತಿವಂತನಾದಾಗ ಅಕ್ಕನು ವ್ರತನಿಷ್ಠೆಯಲ್ಲಿ ಎಂಟು ವರ್ಷ ಕಳೆದಿದ್ದಳು. ತಮ್ಮನು ಗತಿಸಿದ ಮೇಲೂ ಆಕೆಯ ತಪಸ್ಸು ಮುಂದುವರಿದಿತ್ತು. ಆಕೆಯ ನಂತರ ಕೆಲವೇ ವರ್ಷಗಳಲ್ಲಿ ಬೂತುಗನ ಮಗ ಮಾರಸಿಂಹನು ಅರಸುತನವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ಕೈಕೊಂಡನು. ಸೋದರತ್ತೆಯ ಮಾದರಿ ಅವನ ಕಣ್ಣ ಮುಂದೆಯೇ ಇತ್ತು.

ಪಾಂಬಬ್ಬೆ, ನಾಣಬ್ಬೆ, ಜಕ್ಕಿಯಬ್ಬೆ, ಅತ್ತಿಮಬ್ಬೆ ಎಂಬ ಹೆಸರುಗಳನ್ನು ಇದ್ದಂತೆಯೇ ಇಂದಿನ ಹೆಣ್ಣುಮಗುವಿಗೆ ಇಟ್ಟರೆ ಶಾಲೆಯಲ್ಲಿ ಒಡನಾಡಿಗಳು ನಕ್ಕಾರೆಂಬ ಅಂಜಿಕೆ ತಾಯಂದಿರಿಗೆ ಸಹಜ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಮಗು ಆ ಹೆಸರನ್ನು ಬಾಳಿನುದ್ದಕ್ಕೂ ಹೊರಬೇಕು. ಆದರೆ ಅಬ್ಬೆ ಎಂಬುದು ತಾಯಿ ಎಂಬ ಅರ್ಥದ ಗೌರವವಾಚಕ. ಕಾಲಕ್ರಮದಲ್ಲಿ ಅದರ ಸ್ಥಾನಕ್ಕೆ ಅಮ್ಮ ಬಂದಿತು, ಅಮ್ಮನ ಸ್ಥಾನಕ್ಕೆ ಈಗ ಬೇರೆ ರೂಪಗಳು ಬಂದಿವೆ. ಹಿರಿಯರೂ ಯಕ್ಷಿಯನ್ನು ಜಕ್ಕಿಯಾಗಿಸಿ, ಬ್ರಹ್ಮನನ್ನು ಬೊಮ್ಮನಾಗಿಸಿ, ತಮ್ಮ ನಾಲಗೆಗೆ ಒಗ್ಗಿಸಿಕೊಂಡೇ ಉಳಿಸಿದರು.

ಪ್ರತಿಷ್ಠೆಯ ತೊಟ್ಟಿಲು ತೂಗಿದ ಕೈಗಳು ವರ್ಷದೊಳಗೆ ಮನೆಯ ತೊಟ್ಟಿಲನ್ನೂ ತೂಗುವ ಸಂದರ್ಭ ಹಲವು ಕುಟುಂಬಗಳಲ್ಲಿ ಒದಗುತ್ತದೆ. ಆಗ ಘಟದಲ್ಲಿ ಜಿನನಾಮಗಳ ಪತ್ರಗಳೊಡನೆ, ಹೆಣ್ಣುಮಗುವಾದರೆ, ಗಂಗರ ಮನೆಯ ಈ ಮಗಳ ಹೆಸರನ್ನು ಬರೆದ ಚೀಟಿಯೊಂದನ್ನೂ ಹಾಕಬಹುದು.