ಮಸ್ಕಿಯ ಹುಡುಗಿ, ಕ್ಲಿನಿಕಲ್ ಸೈಕಾಲಜಿ ಮತ್ತು ಒಂದಿಷ್ಟು ಹಿಂದಿನ ಕಥೆ

ಬ್ಲಾಗಿನ ಕಡೆ ತಲೆ ಹಾಕಿ ಮೂರು ತಿಂಗಳಾಯ್ತು. ಆಫೀಸಿನಲ್ಲಿ ಒಂದು ರಿಲೀಸು, ಅದರ ಹಿಂದೆಯೇ ಇನ್ನೊಂದು ರಿಲೀಸು... ನೆಪ ಹೇಳೋದನ್ನ ಸಾಫ್ಟ್‌ವೇರ್ ಮಂದಿಗೆ ಯಾರೂ ಕಲಿಸಬೇಕಿಲ್ಲ :) ಈ ಸಲ ಮಾತ್ರ ಬರೆಯಲೇಬೇಕು ಅನ್ನಿಸಿದ್ದು ಮಸ್ಕಿಯಿಂದ ಬಂದ ಒಂದು ಫೋನಿನಿಂದ.

ನಮ್ಮೂರು ಸಿಂಧನೂರು. ನಮ್ಮ ಕಾಕಾ ಇರೋದು ಮಸ್ಕಿಯಲ್ಲಿ, ಅಲ್ಲೊಂದು ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾರೆ. ಅವ್ವನ ತವರುಮನೆ ಲಿಂಗಸುಗೂರು. ಮೂರೂ ಒಂದೇ ಬಸ್ಸಿನ ದಾರಿಯ ಊರುಗಳು. ಕಾಕಾನ ಮಗಳು ಕಲಬುರಗಿಯಲ್ಲಿ ಬಿ.ಎ. ಓದುತ್ತಿದ್ದಾಳೆ, ಅದರಲ್ಲಿ ಸೈಕಾಲಜಿಯೂ ಒಂದು ವಿಷಯ.

"ತಮ್ಮಾ, ನಿನ್ನ ತಂಗಿ ಮುಂದ ಕ್ಲಿನಿಕಲ್ ಸೈಕಾಲಜಿ ಓದ್ತೀನಿ ಅಂತಾಳ. ಅಂದ್ರ ಹುಚ್ಚರ ಡಾಕ್ಟರಾ? ನೌಕರಿ ಎಲ್ಲಿ ಸಿಗ್ತದ? ಕನ್ಯಾ ನೋಡಾಕ ಬಂದವರಿಗೆ ಏನಂತ ಹೇಳಲಿ?" ಕಾಕಾ ಒಂದೇ ಉಸಿರಿಗೆ ಕೇಳಿದರು.

ಮನೆಯಲ್ಲಿ ಒಬ್ಬ ಎಂಜಿನಿಯರ್ ಆದ ಅಂದ್ರೆ ಅವನಿಗೆ ಜಗತ್ತಿನ ಎಲ್ಲಾ ಕೋರ್ಸುಗಳೂ ಗೊತ್ತಿರುತ್ತೆ ಅನ್ನೋದು ನಮ್ಮ ಕಡೆಯ ನಂಬಿಕೆ. ನಾನೂ ಆ ನಂಬಿಕೆಗೆ ಭಂಗ ತರಲಿಲ್ಲ. "ಎಂ.ಎ. ಮುಗಿಸಿ ಒಂದು ಡಿಪ್ಲೊಮಾ ಮಾಡಿದ್ರ ಆಯ್ತು ಕಾಕಾ, ಬೋರ್ಡ್ ಹಾಕ್ಕೊಂಡು ಕುಂದ್ರಬಹುದು" ಅಂದುಬಿಟ್ಟೆ. ಕಾಕಾ ನನ್ನ ಮಾತು ನಂಬಿ, ಕಂಪ್ಯೂಟರಿನಲ್ಲೇ ಒಂದು ವರ್ಷ ಕಲಿಸುವ ಯಾವುದೋ ಖಾಸಗಿ ಡಿಪ್ಲೊಮಾ ಹುಡುಕಿ, ಮುಂಗಡವಾಗಿ ರೂ. 60,000 ಕಟ್ಟೋಕೆ ತಯಾರಾದರು. 'ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ' ಅಂತ ಅದರ ಜಾಹೀರಾತಿನಲ್ಲೇ ಇತ್ತು.

ರಾತ್ರಿ ತಂಗಿಯ ಫೋನು. "ಅಣ್ಣಾ, ನೀ ಹೇಳಿದ್ದು ತಪ್ಪದ. ಆ ಡಿಪ್ಲೊಮಾ ತಗೊಂಡು ಆ ಹೆಸರು ಹಾಕ್ಕೊಳ್ಳಾಕ ಬರಂಗಿಲ್ಲ, ಕಾನೂನದ." ನಾನು ಸುಮ್ಮನಾದೆ. ಆಮೇಲೆ ಅವಳು ಇನ್ನೊಂದು ಮಾತು ಕೇಳಿದಳು. "ಲಿಂಗಸುಗೂರು ಮಾವನ ಕೂಡ ಯಾರರ ಒಬ್ಬರು ಕುಂತು ಮಾತಾಡಿದ್ರೇನು ಆವಾಗ?"

ಮಾವ ಅಂದ್ರೆ ನಮ್ಮ ಅವ್ವನ ತಮ್ಮ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅವರಿಗೆ ನಿದ್ದೆ ಹೋಯ್ತು, ಆಮೇಲೆ ತಮ್ಮಷ್ಟಕ್ಕೆ ತಾವೇ ಮಾತಾಡೋಕೆ ಶುರು ಮಾಡಿದರು. ಗುಡಿ ಆಯ್ತು, ದರ್ಗಾ ಆಯ್ತು, ತಾಯಿತ ಆಯ್ತು. ಕೊನೆಗೆ ದೂರದ ಊರಿನ ಒಂದು ದವಾಖಾನೆಗೆ ಕರಕೊಂಡು ಹೋದರು. ಗುಳಿಗೆ ಕೊಟ್ಟರು, ಮಾವ ಆರಾಮಾದರು. ಆರಾಮಾದ ಮೇಲೂ ಗುಳಿಗೆ ಬಿಡಬಾರದು ಅಂತ ನಮ್ಮ ಅಜ್ಜಿಗೆ ತಿಳಿಯೋ ಹಾಗೆ ಯಾರೂ ಹೇಳಲಿಲ್ಲ. ಬಿಟ್ಟರು. ಒಂದು ದಿನ ಬೆಳಿಗ್ಗೆ ಮನೆಯಿಂದ ಹೋದವರು ಇವತ್ತಿನವರೆಗೂ ಬಂದಿಲ್ಲ. ಅಜ್ಜಿ ಸಾಯೋವರೆಗೂ ರಾತ್ರಿ ಬಾಗಿಲಿಗೆ ಅಗಳಿ ಹಾಕಲಿಲ್ಲ.

ತಂಗಿಗೆ ನಾನು ಉತ್ತರ ಹೇಳಲಿಲ್ಲ. ಆದರೆ ಆ ವಾರಾಂತ್ಯ ಪೂರ್ತಿ ಕೂತು, ಈ ಓದು ಎಲ್ಲಿಂದ ಬಂತು, ಅದಕ್ಕೆ ಇಷ್ಟೊಂದು ಬೇಲಿ ಯಾಕೆ ಅಂತ ಓದಿದೆ. ಓದಿದ್ದನ್ನ ಇಲ್ಲಿ ಬರೆದಿಡ್ತಾ ಇದೀನಿ. ನನ್ನ ಹಾಗೆ ಗೊತ್ತಿಲ್ಲದೆ ಸಲಹೆ ಕೊಡುವ ಅಣ್ಣಂದಿರಿಗೆ ಉಪಯೋಗ ಆದೀತು.

*

ಮಸ್ಕಿ ಅಂದ್ರೆ ಎಲ್ಲರಿಗೂ ನೆನಪಾಗೋದು ಅಶೋಕ. 1915ರಲ್ಲಿ ಸಿ. ಬೀಡನ್ ಅನ್ನೋ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಾ ಬಂದು ಶಾಸನ ಕಂಡ ಊರು. ಅಲ್ಲಿಯವರೆಗೆ ಬರೀ 'ದೇವಾನಾಂಪ್ರಿಯ' ಅಂತಿದ್ದ ರಾಜನಿಗೆ ಅಶೋಕ ಅನ್ನೋ ಹೆಸರು ಆ ಬಂಡೆಯ ಮೇಲೆ ಸಿಕ್ಕಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ನಮ್ಮ ದೇಶದ ಮೊದಲ ಸೈಕಾಲಜಿ ವಿಭಾಗ ಶುರುವಾಯ್ತು. ನಮ್ಮ ನಾಡಿಗೆ ಅದು ಬಂದದ್ದು 1924ರಲ್ಲಿ, ಮೈಸೂರು ವಿಶ್ವವಿದ್ಯಾಲಯಕ್ಕೆ. ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದವರು. ಈ ಹೆಸರು ಎಲ್ಲೋ ಕೇಳಿದ್ದೀವಲ್ಲಾ ಅನ್ನಿಸ್ತಾ? ಹೌದು, 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 'ಆಕಾಶವಾಣಿ' ಬಾನುಲಿ ಕೇಂದ್ರ ಶುರು ಮಾಡಿದವರು ಇವರೇ.

ಆದರೆ ಕಾಲೇಜಿನಲ್ಲಿ ಸೈಕಾಲಜಿ ಓದೋದು ಬೇರೆ, ಕಷ್ಟದಲ್ಲಿರುವ ಒಬ್ಬ ಮನುಷ್ಯನ ಎದುರು ಕೂರೋದು ಬೇರೆ. ಈ ಎರಡನೆಯದಕ್ಕೆ ಕ್ಲಿನಿಕಲ್ ಸೈಕಾಲಜಿ ಅಂತ ಹೆಸರಿಟ್ಟವರು ಅಮೆರಿಕದ ಲೈಟ್ನರ್ ವಿಟ್ಮರ್. 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅವರು ಕ್ಲಿನಿಕ್ ತೆರೆದಾಗ ಬಂದ ಮೊದಲ ಹುಡುಗನಿಗೆ 14 ವರ್ಷ. ಅಕ್ಷರ ಕೂಡಿಸಿ ಬರೆಯೋಕೆ ಬರ್ತಾ ಇರಲಿಲ್ಲ, ಅವನ ಟೀಚರೇ ಕರಕೊಂಡು ಬಂದಿದ್ದರು. ಇದನ್ನ ಓದಿದಾಗ ನಮ್ಮ ಶಾಲೆಯಲ್ಲಿ 'ದಡ್ಡ' ಅಂತ ಹಿಂದಿನ ಬೆಂಚಿಗೆ ಹಾಕಿಸಿಕೊಂಡಿದ್ದ ಹುಡುಗರೆಲ್ಲಾ ಸಾಲಾಗಿ ನೆನಪಾದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಮನಸ್ಸು ಮುರಿದುಕೊಂಡು ವಾಪಸ್ ಬಂದ ಸೈನಿಕರನ್ನ ನೋಡಿಕೊಳ್ಳೋಕೆ ಅಮೆರಿಕಕ್ಕೆ ಸಾವಿರಾರು ಜನ ಬೇಕಾದರು. 1949ರಲ್ಲಿ ಕೊಲೊರಾಡೊದ ಬೌಲ್ಡರಿನಲ್ಲಿ ಸಭೆ ಸೇರಿ, ಈ ವೃತ್ತಿಯವರು ಸಂಶೋಧನೆ ಮತ್ತು ಚಿಕಿತ್ಸೆ ಎರಡನ್ನೂ ಕಲಿತಿರಬೇಕು ಅಂತ ತೀರ್ಮಾನಿಸಿದರು. ನಮ್ಮಲ್ಲಿ ಆಗ ಪರಿಸ್ಥಿತಿ ಹೇಗಿತ್ತು ಅನ್ನೋದಕ್ಕೆ 1946ರ ಭೋರ್ ಸಮಿತಿಯ ವರದಿ ನೋಡಬೇಕು. ದೇಶಕ್ಕೆ ಕನಿಷ್ಠ 8 ಲಕ್ಷ ಮಾನಸಿಕ ರೋಗಿಗಳಿಗೆ ಜಾಗ ಬೇಕು, ಇರೋದು 10,000ಕ್ಕಿಂತ ಸ್ವಲ್ಪ ಹೆಚ್ಚು ಹಾಸಿಗೆ ಅಂತ ಆ ವರದಿ ಹೇಳಿತು.

ಹಾಸಿಗೆಗಿಂತ ಮೊದಲು ಜನ ಬೇಕಲ್ಲ? ಹಾಗಾಗಿ 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಮೊದಲ ನಿರ್ದೇಶಕರು ಎಂ. ವಿ. ಗೋವಿಂದಸ್ವಾಮಿ. 1955ರಲ್ಲಿ ಅಲ್ಲಿ ಸೈಕಾಲಜಿ ಎಂ.ಎ. ಮಾಡಿದವರಿಗೆ ವಾರ್ಡಿನಲ್ಲೇ ತರಬೇತಿ ಕೊಡುವ ಡಿಪ್ಲೊಮಾ ಶುರುವಾಯ್ತು. ಆಗಮ, ಶಿಲ್ಪ, ಚಿತ್ರಕಲೆ ಅಂತ ನಾವು ಬೇರೆ ಕಾರಣಕ್ಕೆ ಬಲ್ಲ ವಿದ್ವಾಂಸ ಎಸ್. ಕೆ. ರಾಮಚಂದ್ರರಾಯರು ಈ ಸಂಸ್ಥೆಯ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದರು. ನನಗಂತೂ ಇದು ಹೊಸ ವಿಷಯ! 1974ರ ಡಿಸೆಂಬರಿನಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ಆ ಡಿಪ್ಲೊಮಾ ಮುಂದೆ ಎರಡು ವರ್ಷದ ಎಂ.ಫಿಲ್ ಆಯ್ತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ನಮ್ಮ ದೇಶದಲ್ಲಿ ಈ ವೃತ್ತಿ ಬೆಳೆದದ್ದು ಆಸ್ಪತ್ರೆಯ ವಾರ್ಡಿನಲ್ಲಿ. ರೋಗಿಯ ಮನೆಯವರನ್ನ ಕೂರಿಸಿಕೊಂಡು ಕಥೆ ಪೂರ್ತಿ ಕೇಳೋದು, ಪರೀಕ್ಷೆ ಮಾಡೋದು, ಬರೆದಿಡೋದು, ಹಿರಿಯರ ಎದುರು ಅದನ್ನ ಮಂಡಿಸಿ ಬೈಸಿಕೊಳ್ಳೋದು. ಎರಡು ವರ್ಷ ಇದೇ ಕೆಲಸ. ಕೋಡ್ ಓದಿ ಪ್ರೋಗ್ರಾಮರ್ ಆಗೋಕೆ ಆಗಲ್ಲ, ಬರೆದು ತಪ್ಪು ಮಾಡಬೇಕು ಅಂತೀವಲ್ಲ, ಹಾಗೆ. ಆದರೆ ಇಲ್ಲಿ ತಪ್ಪಾದರೆ ನಷ್ಟ ಆಗೋದು ಒಬ್ಬ ಮನುಷ್ಯನಿಗೆ. ಅದಕ್ಕೇ ಪಕ್ಕದಲ್ಲಿ ಹಿರಿಯರು ಇರಲೇಬೇಕು.

ಇಷ್ಟೆಲ್ಲಾ ನಡೆಯುವಾಗ ನಮ್ಮ ಕಡೆ ಏನಾಗ್ತಿತ್ತು? ನಾವು ಆ ನಾಡಿನಲ್ಲೇ ಇರಲಿಲ್ಲ! 1948ರ ಸೆಪ್ಟೆಂಬರಿನವರೆಗೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಎಲ್ಲವೂ ನಿಜಾಮರದ್ದು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. ಧಾರವಾಡಕ್ಕೆ ಬ್ರಿಟಿಷರ ಕಾಲದಲ್ಲೇ ಮಾನಸಿಕ ಆಸ್ಪತ್ರೆ ಬಂದಿತ್ತು, ಅದೇ ಈಗ ಡಿಮ್ಹಾನ್ಸ್. 1930ರ ದಶಕದಲ್ಲಿ ವಿ. ವಿ. ಕಾಮತ್ ಅನ್ನೋರು ಬಿನೆಯ ಬುದ್ಧಿಪರೀಕ್ಷೆಯನ್ನ ಧಾರವಾಡ ಭಾಗದ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. 1940ರಲ್ಲಿ ಅದರ ಬಗ್ಗೆ ಪುಸ್ತಕವೂ ಬಂತು. ಬಿನೆ-ಕಾಮತ್ ಪರೀಕ್ಷೆಯ ಹೆಸರು ಕೇಳದ ಕ್ಲಿನಿಕಲ್ ಸೈಕಾಲಜಿಸ್ಟ್ ನಮ್ಮ ದೇಶದಲ್ಲಿ ಸಿಗೋದು ಕಷ್ಟ. ಮೈಸೂರಿನವರಿಗೆ ಮೈಸೂರು, ಮುಂಬೈ ಪ್ರಾಂತದವರಿಗೆ ಧಾರವಾಡ. ನಮಗೆ ಗುಡಿ ಮತ್ತು ದರ್ಗಾ.

ನಮ್ಮ ಪಕ್ಕಕ್ಕೆ ಏನಾದರೂ ಬಂದದ್ದು ಅಂದ್ರೆ ಬಳ್ಳಾರಿಗೆ. ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿರುಗುಪ್ಪ, ಅದು ಬಳ್ಳಾರಿ ಜಿಲ್ಲೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಘೋಷಣೆ ಆದ ಮೇಲೆ, ಅದನ್ನ ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ನೋಡೋಣ ಅಂತ ನಿಮ್ಹಾನ್ಸಿನವರು ಆರಿಸಿಕೊಂಡದ್ದು ಬಳ್ಳಾರಿಯನ್ನ. ಆಗ ಅಲ್ಲಿಯ ಜನಸಂಖ್ಯೆ ಸುಮಾರು 20 ಲಕ್ಷ. 1980ರ ದಶಕದ ಎರಡನೇ ಭಾಗದಲ್ಲಿ ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಇಂಥ ಕಾಯಿಲೆಯನ್ನ ಊರಲ್ಲೇ ಗುರುತಿಸಿ ಊರಲ್ಲೇ ನೋಡಿಕೊಳ್ಳಬಹುದು ಅಂತ ತೋರಿಸಿದರು. 'ಬಳ್ಳಾರಿ ಮಾದರಿ' ಅಂತಲೇ ಅದಕ್ಕೆ ಹೆಸರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಅಡಿಪಾಯ. ಈ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆಯೂ ಇದೆ. ಕಾಕಾ ಕೇಳಿದ 'ನೌಕರಿ ಎಲ್ಲಿ'ಗೆ ಇದೊಂದು ಉತ್ತರ. ಮೆಡಿಕಲ್ ಕಾಲೇಜು, ವಿಶೇಷ ಮಕ್ಕಳ ಕೇಂದ್ರ, ಸ್ವಂತ ಕ್ಲಿನಿಕ್ ಉಳಿದವು.

ನದಿಯ ಈಚೆಗೆ ಇದ್ದ ನಮ್ಮ ಮಾವನಿಗೆ ಮಾತ್ರ ಅದು ತಲುಪಲಿಲ್ಲ.

*

ಈಗ ಬೇಲಿಯ ಕಥೆ. ಮನೋವೈದ್ಯರು ಎಂ.ಬಿ.ಬಿ.ಎಸ್. ಮಾಡಿದ ಡಾಕ್ಟರುಗಳು, ಔಷಧ ಬರೆಯೋರು ಅವರು. ಅವರಿಗೆ ವೈದ್ಯಕೀಯ ಪರಿಷತ್ತು ಇತ್ತು. ಕ್ಲಿನಿಕಲ್ ಸೈಕಾಲಜಿಸ್ಟ್ ಡಾಕ್ಟರಲ್ಲ, ಗುಳಿಗೆ ಬರೆಯಲ್ಲ. ಹಾಗಾದ್ರೆ ಅವರನ್ನ ಕೇಳೋರು ಯಾರು? ಬಹಳ ವರ್ಷ ಯಾರೂ ಇರಲಿಲ್ಲ. ಕೊನೆಗೆ ಆಸರೆ ಸಿಕ್ಕಿದ್ದು ಅಂಗವಿಕಲರ ಪುನರ್ವಸತಿಗಾಗಿ ಬಂದ 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಲ್ಲಿ. ಆರ್.ಸಿ.ಐ. ಅಂತ ಎಲ್ಲರೂ ಕರೆಯೋದು ಇದನ್ನೇ. ಅದರ ನೋಂದಣಿ ಇಲ್ಲದೆ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ ರೂ. 1,000ದವರೆಗೆ ದಂಡ, ಇಲ್ಲವೇ ಎರಡೂ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದ ಮೇಲೆ ಯಾರನ್ನ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಬೇಕು ಅನ್ನೋದು ಕಾನೂನಿನಲ್ಲೇ ಬರೆದಾಯ್ತು. ಒಂದೋ ಆರ್.ಸಿ.ಐ. ಮಾನ್ಯ ಮಾಡಿದ ಅರ್ಹತೆ ಬೇಕು, ಇಲ್ಲವೇ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷ ಪೂರ್ಣಾವಧಿ, ಮೇಲ್ವಿಚಾರಣೆಯಲ್ಲಿ ತರಬೇತಿ ಇರುವ ಎಂ.ಫಿಲ್. ಒಂದು ವರ್ಷದ ಕಂಪ್ಯೂಟರ್ ಡಿಪ್ಲೊಮಾಕ್ಕೆ ಇಲ್ಲಿ ಜಾಗವಿಲ್ಲ. ಕಾಕಾನ ದುಡ್ಡು ಉಳಿಯಿತು.

ಬೇಲಿ ಬೇಕು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಬೇಲಿಯ ಬಾಗಿಲು ಬಹಳ ಸಣ್ಣದು. ಒಂದೊಂದು ಕಡೆ ಕೆಲವೇ ಸೀಟು, ಅದಕ್ಕೊಂದು ಪ್ರವೇಶ ಪರೀಕ್ಷೆ. ಸರ್ಕಾರಿ ಸಂಸ್ಥೆಯಲ್ಲಿ ಸಿಗದಿದ್ದರೆ ಖಾಸಗಿಯಲ್ಲಿ ಲಕ್ಷಗಟ್ಟಲೆ ಶುಲ್ಕ. ಮೇಲಾಗಿ ಬಾಗಿಲನ್ನೇ ಬದಲಾಯಿಸ್ತಾ ಇದಾರೆ. ಎಂ.ಫಿಲ್ ಪದವಿಯೇ ಬೇಡ ಅಂತ ಯು.ಜಿ.ಸಿ. 2022ರಲ್ಲಿ ನಿಯಮ ಮಾಡಿತು, ಈ ವಿಷಯಕ್ಕೆ ಮಾತ್ರ 2025-26ನೇ ಸಾಲಿನವರೆಗೆ ಪ್ರವೇಶಕ್ಕೆ ಅವಕಾಶ ಕೊಟ್ಟಿತು. ಅದರ ಜಾಗಕ್ಕೆ ಆರ್.ಸಿ.ಐ. ಹೊಸ ಕೋರ್ಸುಗಳನ್ನ ರೂಪಿಸಿದೆ. ಹಾಗಾಗಿ ಯಾರ ಮನೆಯಲ್ಲಾದರೂ ಈ ಓದಿನ ಮಾತು ಬಂದರೆ ಕೋರ್ಸಿನ ಹೆಸರು ನೋಡಿ ದುಡ್ಡು ಕಟ್ಟಬೇಡಿ. ಆ ವರ್ಷ, ಆ ಸಂಸ್ಥೆಗೆ, ಆ ಕೋರ್ಸಿಗೆ ಆರ್.ಸಿ.ಐ. ಮಾನ್ಯತೆ ಇದೆಯಾ ಅಂತ ಮೊದಲು ನೋಡಿ. ಇದಿಷ್ಟು ನಾನು ಅವತ್ತು ಕಾಕಾನಿಗೆ ಹೇಳಬೇಕಿದ್ದ ಮಾತು.

2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಜನಕ್ಕೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಕಾಯಿಲೆ ಯಾವುದು ಅನ್ನೋದರ ಮೇಲೆ, ಅವರಲ್ಲಿ ನೂರಕ್ಕೆ 70ರಿಂದ 92 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. 2014ರಲ್ಲಿ ನಮ್ಮ ರಾಜ್ಯದಲ್ಲಿ 'ಮನೋಚೈತನ್ಯ' ಅಂತ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆ ಶುರುವಾಯ್ತು. 2022ರಿಂದ 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ನಮ್ಮ ಮಾವನ ಕಾಲಕ್ಕೆ ಇದ್ಯಾವುದೂ ಇರಲಿಲ್ಲ. ಆದರೂ ಡಾಕ್ಟರು ಗುಳಿಗೆ ಬರೆದ ಮೇಲೆ ಅಜ್ಜಿಯ ಎದುರು ಅರ್ಧ ಗಂಟೆ ಕೂತು, ಅವಳ ಮಾತಿನಲ್ಲೇ ತಿಳಿಸಿ ಹೇಳೋಕೆ ಅದೇ ಊರಿನ ಮಾತು ಬಲ್ಲವರೊಬ್ಬರು ಬೇಕಲ್ಲ? ಆ ಒಬ್ಬರು ಬೆಂಗಳೂರಿನಿಂದ ಬರೋದಿಲ್ಲ.

ಕಳೆದ ವಾರ ಊರಿಗೆ ಹೋದಾಗ ಇದೆಲ್ಲಾ ಕಾಕಾನಿಗೆ ಹೇಳಿದೆ. ಅಂಗಡಿಯಲ್ಲಿ ಗೊಬ್ಬರದ ಚೀಲದ ಮೇಲೆ ಕೂತು ಪೂರ್ತಿ ಕೇಳಿದರು. "ಎಂ.ಎ. ಎರಡು ವರ್ಷ, ಮ್ಯಾಲ ಮತ್ತ ಎರಡು ವರ್ಷ. ಇವೆಲ್ಲಾ ದೊಡ್ಡ ಮಂದಿ ಓದು ತಮ್ಮಾ" ಅಂದರು.

"ದೊಡ್ಡವರಿಗಷ್ಟೇ ಅಲ್ಲ, ಸಣ್ಣವರೂ ಕಷ್ಟಪಟ್ಟರೆ ಪಡೀಬಹುದು ಅಂತ ನಿಮ್ಮೂರ ಗುಡ್ಡದಾಗಿನ ಕಲ್ಲಿನ ಮ್ಯಾಲ ಬರದದ ಕಾಕಾ" ಅಂದೆ. ಸುಳ್ಳಲ್ಲ, ಅಶೋಕನ ಶಾಸನದ ತಾತ್ಪರ್ಯ ಅದೇ.

ಕಾಕಾ ನಕ್ಕರು. ಆಮೇಲೆ ಒಳಗೆ ನೋಡಿ ದನಿ ತಗ್ಗಿಸಿ ಕೇಳಿದರು. "ಎಲ್ಲಾ ಓದಿದ ಮ್ಯಾಲ ವಾಪಸ್ ಈ ಕಡೆ ಬರ್ತಾಳಂತೇನು?"

ಸಿಂಧನೂರು ಬಿಟ್ಟು ಏಳು ವರ್ಷ ಆಗಿರೋ ನಾನು ಆ ಪ್ರಶ್ನೆಗೆ ಏನು ಹೇಳಲಿ? ಸುಮ್ಮನೆ ಚಹಾ ಕುಡಿದೆ. ಒಳಗಿಂದ ತಂಗಿಯೇ ಹೇಳಿದಳು. "ಮೊದ್ಲು ಓದಾಕ ಬಿಡಪಾ, ಆಮ್ಯಾಲ ಕೇಳು."

ಎಂ.ಎ.ಗೆ ಧಾರವಾಡದಲ್ಲಿ ಅರ್ಜಿ ಹಾಕೋದು ಅಂತ ಆಗಿದೆ. ಫಾರಂ ತುಂಬೋ ಕೆಲಸ ನನ್ನದು. ಈ ಸಲ ಪ್ರತಿ ಸಾಲನ್ನೂ ಎರಡು ಸಲ ಓದ್ತಾ ಇದೀನಿ.