ಮರ್ಫಾ ಮತ್ತು ಕ್ಯಾಮೆರಾ
ಹೈದರಾಬಾದಿನ ಮಾಸಬ್ ಟ್ಯಾಂಕ್ ಬಳಿಯ ‘ಏ.ಸಿ. ಗಾರ್ಡ್ಸ್’ ಬಡಾವಣೆಗೆ ಆ ಹೆಸರು ಬಂದದ್ದು ನಿಜಾಮರ ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್ ಎಂಬ ಕುದುರೆ ಪಡೆಯಿಂದ. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ಬಳಿಕ ಪಡೆ ಇಲ್ಲವಾಯಿತು. ಅದರಲ್ಲಿದ್ದ ಆಫ್ರಿಕನ್ ಮೂಲದ ಸಿದ್ದಿ ಸೈನಿಕರ ಕುಟುಂಬಗಳು ಉಳಿದವು, ಮರ್ಫಾ ಎಂಬ ಅವರ ತಾಳವಾದ್ಯ ಸಂಗೀತವೂ ಉಳಿಯಿತು. ಪೂರ್ವ ಆಫ್ರಿಕಾದ ಲಯ, ಹೈದರಾಬಾದಿನದೇ ಬಡಾವಣೆಯಾದ ಬಾರ್ಕಸ್‌ನ ಯೆಮನಿ ಮೂಲದ ಅರಬರ ಕುಣಿತ, ದಖ್ಖನಿ ಮದುವೆ ಮೆರವಣಿಗೆಯ ಗದ್ದಲ ಎಲ್ಲವೂ ಇದರಲ್ಲಿವೆ. ಬಿಂದಿಗೆಯೂ ಇಲ್ಲಿ ವಾದ್ಯ! ಇದನ್ನು ಪ್ರಯೋಗಶೀಲ ಸಂಗೀತ ಎಂದರೆ ತಪ್ಪಾಗದು.

ಆದರೆ ಮರ್ಫಾವನ್ನು ದಾಖಲಿಸುವುದು ಸುಲಭವಲ್ಲ. ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ಅರಮನೆ, ದರ್ಬಾರು, ಬೇಟೆಗಳನ್ನು ಗಾಜಿನ ನೆಗೆಟಿವ್‌ಗಳಲ್ಲಿ ಹಿಡಿದರು. ಮರ್ಫಾದ ರಾತ್ರಿ ಮೆರವಣಿಗೆಯ ಕುಣಿತ ಮಾತ್ರ ಆ ಕಾಲದ ಕ್ಯಾಮೆರಾಕ್ಕೆ ದಕ್ಕುವಂಥದ್ದಲ್ಲ. ಧ್ವನಿಮುದ್ರಣಕ್ಕೂ ಅದು ಅರ್ಧ ಮಾತ್ರ ಸಿಗುತ್ತದೆ: ಕೋಲು ಹಿಡಿದ ಕೈಯ ತಿರುವು, ಬೆಂಕಿಯ ಶಾಖಕ್ಕೆ ಚರ್ಮ ಬಿಗಿ ಮಾಡುವ ರೀತಿ, ಬಡಿಯುವವನಿಗೆ ಕುಣಿಯುವವನು ಕೊಡುವ ಕಣ್ಸನ್ನೆ ಇವೆಲ್ಲ ಚಲನಚಿತ್ರದ ಪಾಲು.

ಸಂಗೀತಶಾಸ್ತ್ರಜ್ಞರಾದ ನಜೀರ್ ಜೈರಾಜ್‌ಭಾಯ್ ಮತ್ತು ಎಮಿ ಕ್ಯಾಟ್ಲಿನ್ ದಂಪತಿ ಭಾರತದ ಸಿದ್ದಿಗಳ ಸಂಗೀತದ ಬಗ್ಗೆ 2003ರಲ್ಲಿ ಸಾಕ್ಷ್ಯಚಿತ್ರವೊಂದನ್ನು ಹೊರತಂದರು. ಕೇತಕಿ ಶೇಠ್ ಅವರ ಸಿದ್ದಿ ಛಾಯಾಚಿತ್ರಗಳ ಪುಸ್ತಕ 2013ರಲ್ಲಿ ಬಂತು, ಅವು ಕಪ್ಪು-ಬಿಳುಪಿನವು.

ಕನ್ನಡಿಗರಿಗೆ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಡಮಾಮಿ ಎಂಬ ವಾದನ-ಕುಣಿತ ಪರಿಚಿತ. ಆದರೆ ಮರ್ಫಾ, ಡಮಾಮಿ ಎರಡನ್ನೂ ಒಂದೇ ಚೌಕಟ್ಟಿಗೆ ತುರುಕುವಂತಿಲ್ಲ. ಹೈದರಾಬಾದಿನವರ ಹಿಂದೆ ನಿಜಾಮರ ಸೇನೆಯಿದೆ. ಉತ್ತರ ಕನ್ನಡದ ಹಲವರ ಪೂರ್ವಜರು ಪೋರ್ಚುಗೀಸರ ಗೋವೆಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದವರು.