ಬರೀ ಫ್ರೆಂಡು

ಹೋದ ತಿಂಗಳು ಒಂದು ಶನಿವಾರ ರಾತ್ರಿ ನನ್ನ ಎಕ್ಸ್ ಮನೆಗೆ ಸಿನಿಮಾ ನೋಡೋಕೆ ಹೋಗಿದ್ದೆ. ಸೋಫಾದ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅವನ ಈಗಿನ ಸಂಗಾತಿ, ನಡುವೆ ಚುರುಮುರಿ ಬಟ್ಟಲು ಹಿಡಿದ ಅವನು. ಅವರಿಬ್ಬರದು ಓಪನ್ ರಿಲೇಷನ್‌ಶಿಪ್. ನನ್ನದು ಮುಗಿದ ಕಥೆ, ಆದರೂ ವಾರಕ್ಕೊಮ್ಮೆ ಊಟಕ್ಕೆ ಸೇರ್ತೀವಿ. “ಈ ಗೋಜಲೆಲ್ಲ ನಮ್ಮ ಜನರೇಷನ್ನಿಂದು ಕಣೋ” ಅಂದ ಅವನು. ಅಲ್ಲ ಅಂತ ತೋರಿಸೋಕೆ ನಾನು ಹಾಕಿದ್ದು 1933ರ ಒಂದು ಸಿನಿಮಾ.

‘ಡಿಸೈನ್ ಫಾರ್ ಲಿವಿಂಗ್’. ನಿರ್ದೇಶಕ ಎರ್ನ್ಸ್ಟ್ ಲೂಬಿಚ್. ಪ್ಯಾರಿಸ್‌ನಲ್ಲಿ ಒಬ್ಬ ಬಡ ಚಿತ್ರಕಾರ, ಒಬ್ಬ ಬಡ ನಾಟಕಕಾರ, ಇಬ್ಬರೂ ಪ್ರೀತಿಸುವ ಒಬ್ಬಳು ಗಿಲ್ಡಾ. ಅವಳಿಗೂ ಇಬ್ಬರೂ ಬೇಕು. ಸೆಕ್ಸ್ ಇಲ್ಲ ಅಂತ ಕರಾರು ಮಾಡಿಕೊಂಡು ಮೂವರೂ ಒಟ್ಟಿಗೆ ಇರ್ತಾರೆ. ಕರಾರು ಎಷ್ಟು ದಿನ ಬಾಳುತ್ತೆ ಅಂತ ನೀವೇ ಊಹಿಸಬಹುದು. ಕೊನೆಗೆ ಗಿಲ್ಡಾ ಮದುವೆಯಾದ ಗಂಡನನ್ನ ಬಿಟ್ಟು, ಇಬ್ಬರು ಎಕ್ಸ್‌ಗಳ ನಡುವೆ ಟ್ಯಾಕ್ಸಿಯಲ್ಲಿ ಕೂತು ಹೊರಡ್ತಾಳೆ.

ಇದರ ಮೂಲ ನೋಯೆಲ್ ಕವರ್ಡ್ ಬರೆದ ನಾಟಕ. 1933ರ ಜನವರಿಯಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಅದು ಶುರುವಾದಾಗ ಕವರ್ಡ್ ತಾನೇ ಒಂದು ಪಾತ್ರ ಮಾಡಿದ್ದ, ಉಳಿದೆರಡನ್ನ ಅವನ ಗೆಳೆಯರಾದ ಆಲ್ಫ್ರೆಡ್ ಲಂಟ್, ಲಿನ್ ಫಾಂಟೇನ್ ದಂಪತಿ. ನಾಟಕದಲ್ಲಿ ಒಂದು ಮಾತು ಸ್ಪಷ್ಟವಾಗಿದೆ: ಗಂಡಸರಿಬ್ಬರಿಗೂ ಗಿಲ್ಡಾ ಮೇಲೆ ಮಾತ್ರವಲ್ಲ, ಒಬ್ಬರ ಮೇಲೊಬ್ಬರಿಗೂ ಪ್ರೀತಿ. ಅವಳು ಇಬ್ಬರನ್ನೂ ಬಿಟ್ಟು ಹೋದಾಗ ಅವರಿಬ್ಬರೂ ಕಂಠಪೂರ್ತಿ ಕುಡಿದು, ತಬ್ಬಿಕೊಂಡು ಅಳ್ತಾರೆ.

ಕವರ್ಡ್ ಗೇ. ಆದರೆ ಅವನ ದೇಶದಲ್ಲಿ ಅದು ಜೈಲಿಗೆ ಹೋಗುವ ಅಪರಾಧ; 1895ರಲ್ಲಿ ಆಸ್ಕರ್ ವೈಲ್ಡ್‌ಗೆ ಎರಡು ವರ್ಷದ ಕಠಿಣ ಶಿಕ್ಷೆಯಾಗಿದ್ದು ಅದೇ ಕಾನೂನಿನಡಿ. ಲಂಡನ್ನಿನಲ್ಲಿ ನಾಟಕ ಆಡೋಕೆ ಲಾರ್ಡ್ ಚೇಂಬರ್ಲಿನ್ ಕಚೇರಿಯ ಅನುಮತಿಯೂ ಬೇಕಿತ್ತು. ಹಾಗಾಗಿ ಇಂಗ್ಲಿಷಿನವನ ಈ ನಾಟಕ ಲಂಡನ್ ರಂಗಕ್ಕೆ ಬಂದಿದ್ದು 1939ರಲ್ಲಿ.

ಹಾಲಿವುಡ್ ಬೇರೆ ದಾರಿ ಹಿಡೀತು. ಚಿತ್ರಕಥೆಗಾರ ಬೆನ್ ಹೆಕ್ಟ್ ಕವರ್ಡ್‌ನ ಸಂಭಾಷಣೆಯನ್ನ ಹೆಚ್ಚುಕಮ್ಮಿ ಪೂರ್ತಿ ತೆಗೆದು ಹೊಸದು ಬರೆದ. ಗಿಲ್ಡಾಗೆ ಇಬ್ಬರು ಗಂಡಸರು ಉಳಿದರು. ಆದರೆ ಆ ಗಂಡಸರ ನಡುವಿನ ಪ್ರೀತಿ ‘ಫ್ರೆಂಡ್‌ಶಿಪ್’ ಆಯ್ತು. ಅಷ್ಟು ಮಾಡಿದ್ದೂ ಸಾಲಲಿಲ್ಲ. 1934ರ ಜುಲೈನಿಂದ ಹೇಸ್ ಕೋಡ್ ಬಿಗಿಯಾಯ್ತು. ಸಲಿಂಗ ಪ್ರೀತಿಯನ್ನ ಸೂಚಿಸುವುದಕ್ಕೂ ಅದರಲ್ಲಿ ನಿಷೇಧ. ಈ ಸಿನಿಮಾದ ಮರುಬಿಡುಗಡೆಗೆ ಅನುಮತಿಯೇ ಸಿಗಲಿಲ್ಲ.

ಇಲ್ಲಿಗೆ ಬಂದಾಗ ನಾನು ಸಿನಿಮಾ ಪಾಸ್ ಮಾಡಿದೆ. “ಇದನ್ನೇ ಅಲ್ವಾ ನಾವೂ ಮಾಡಿದ್ದು?” ಅಂದೆ.

2016ರಲ್ಲಿ ನಾವಿಬ್ಬರೂ ಬೆಂಗಳೂರಲ್ಲಿ ಒಂದು ಸಿಂಗಲ್ ಬೆಡ್‌ರೂಮ್ ಮನೆ ಬಾಡಿಗೆಗೆ ಹಿಡಿದಿದ್ವಿ. ಓನರ್‌ಗೆ ಕಸಿನ್ಸ್ ಅಂದ್ವಿ, ಆಫೀಸಲ್ಲಿ ಫ್ಲಾಟ್‌ಮೇಟ್, ಅಮ್ಮನಿಗೆ ರೂಮ್‌ಮೇಟ್. ಮೂರೂ ಕಡೆ ಸ್ಕ್ರಿಪ್ಟ್ ಬೇರೆ, ಕಿತ್ತುಹಾಕಿದ್ದು ಮಾತ್ರ ಒಂದೇ ಪದ. ಬ್ರೇಕಪ್ ಆದಾಗ ಅದರ ಬೆಲೆ ಗೊತ್ತಾಯ್ತು. ರೂಮ್‌ಮೇಟ್ ಮನೆ ಬಿಟ್ಟ ಅಂತ ಯಾರಾದ್ರೂ ಅಳ್ತಾರಾ? ರಜೆ ಕೇಳೋಕೂ ಒಂದು ಕಾರಣ ಇರಲಿಲ್ಲ. ಜ್ವರ ಅಂತ ಮೇಲ್ ಹಾಕಿ ಮೂರು ದಿನ ಮಲಗಿದ್ದೆ.

ಕವರ್ಡ್‌ನನ್ನ ಎಕ್ಸ್‌ಗಳು ಕೊನೆವರೆಗೂ ಬಿಡಲಿಲ್ಲ. 1930ರ ‘ಪ್ರೈವೇಟ್ ಲೈವ್ಸ್’ನಲ್ಲಿ ಡಿವೋರ್ಸ್ ಆದ ಜೋಡಿ, ಇಬ್ಬರೂ ತಂತಮ್ಮ ಹೊಸ ಹನಿಮೂನಿಗೆ ಬಂದು ಒಂದೇ ಹೋಟೆಲಿನ ಅಕ್ಕಪಕ್ಕದ ರೂಮಲ್ಲಿ ಸಿಕ್ಕಿಹಾಕಿಕೊಳ್ತಾರೆ. 1966ರ ‘ಎ ಸಾಂಗ್ ಅಟ್ ಟ್ವಿಲೈಟ್’ನಲ್ಲಿ ನಗು ಕಡಿಮೆ. ಒಬ್ಬ ಪ್ರಸಿದ್ಧ ಮುದಿ ಲೇಖಕ. ಅವನ ಹಳೇ ಪ್ರೇಯಸಿ ಬರ್ತಾಳೆ. ಅವಳ ಹತ್ತಿರ ಅವನು ಬಹಳ ಹಿಂದೆ ಒಬ್ಬ ಗಂಡಸಿಗೆ ಬರೆದ ಪ್ರೇಮಪತ್ರಗಳಿವೆ. ಹೆಂಡತಿಗೆ ಅದೆಲ್ಲ ಯಾವತ್ತೋ ಗೊತ್ತು. ಆ ಲೇಖಕನ ಪಾತ್ರವನ್ನೂ ಕವರ್ಡೇ ಮಾಡಿದ. ಮರುವರ್ಷ, 1967ರಲ್ಲಿ, ಇಂಗ್ಲೆಂಡ್ ಕಾನೂನು ಬದಲಿಸಿತು. ಆದರೂ 1973ರಲ್ಲಿ ಸಾಯೋವರೆಗೂ ಕವರ್ಡ್ ತನ್ನ ಬಗ್ಗೆ ಬಹಿರಂಗವಾಗಿ ಹೇಳಿಕೊಳ್ಳಲಿಲ್ಲ. ಕಾನೂನು ಒಂದು ದಿನದಲ್ಲಿ ಬದಲಾಗಬಹುದು, ನಾಲಿಗೆಗೆ ಆದ ಅಭ್ಯಾಸ ಹೋಗಲ್ಲ.

ಅದು ನನಗೂ ಗೊತ್ತು. ಅದೇ ಬ್ರಿಟಿಷರು 1860ರಲ್ಲಿ ನಮಗೆ ಬರೆದುಕೊಟ್ಟ ಸೆಕ್ಷನ್ 377ರ ಹಿಡಿತದಿಂದ ನಾವು ಬಿಡಿಸಿಕೊಂಡಿದ್ದು 2018ರ ಸೆಪ್ಟೆಂಬರ್ 6ರಂದು. ಆ ದಿನ ಆಫೀಸಲ್ಲಿ ಕೇಕ್ ತಿಂದೆ. ರಾತ್ರಿ ಅಮ್ಮನ ಹತ್ತಿರ ಮಾತಾಡುವಾಗ ಮತ್ತೆ ‘ರೂಮ್‌ಮೇಟ್’ ಅಂದೆ.

2022ರಲ್ಲಿ ಯೂನಿವರ್ಸಲ್ ಸ್ಟುಡಿಯೊ ‘ಬ್ರೋಸ್’ ಬಿಡುಗಡೆ ಮಾಡಿತು. ಇಬ್ಬರು ಗಂಡಸರ ರೊಮ್ಯಾಂಟಿಕ್ ಕಾಮಿಡಿ. ಮೂವರು ಸಂಗಾತಿಗಳಾಗಿರುವ ಗೆಳೆಯರೂ ಅದರಲ್ಲಿದ್ದಾರೆ. ಯಾರೂ ಯಾರನ್ನೂ ಬರೀ ಫ್ರೆಂಡು ಅನ್ನಲ್ಲ. ಗಲ್ಲಾಪೆಟ್ಟಿಗೆಯಲ್ಲಿ ಸೋತಿತು, ಇರಲಿ. ಸೋಲೋಕೂ ಮೊದಲು ಹೆಸರಿಟ್ಟುಕೊಂಡು ತೆರೆಗೆ ಬರಬೇಕಲ್ಲ! ಕವರ್ಡ್‌ನ ಜೋಡಿಗೆ 1933ರಲ್ಲಿ ಆ ಭಾಗ್ಯವೂ ಇರಲಿಲ್ಲ.

ಮಾರನೇ ದಿನ ಭಾನುವಾರ ಅಮ್ಮ ಫೋನ್ ಮಾಡಿದ್ದಳು. ಎಂದಿನಂತೆ ಕೊನೆಗೆ, “ನಿನ್ನ ಹಳೇ ರೂಮ್‌ಮೇಟ್ ಹುಡುಗ ಹೇಗಿದಾನೋ?” ಅಂದಳು.

“ಚೆನ್ನಾಗಿದಾನೆ. ಆದ್ರೆ ಅವನು ರೂಮ್‌ಮೇಟ್ ಆಗಿರಲಿಲ್ಲ ಅಮ್ಮ.”

ಆ ಕಡೆ ಕುಕ್ಕರ್ ಎರಡು ಸಲ ಕೂಗಿತು. “ಊರಿಗೆ ಬಂದಾಗ ಮಾತಾಡೋಣ” ಅಂದಳು.

ದೀಪಾವಳಿಗೆ ಟಿಕೆಟ್ ಬುಕ್ ಮಾಡಿದ್ದೀನಿ. ಸದ್ಯಕ್ಕೆ ಒಂದೇ.